ಸುರೇಬಾನದ ರಾತ್ರಿಯನ್ನು ರಂಗಕ್ಕೇರಿಸುವುದು ಹೇಗೆ? ರಾಜಕೀಯ ಹತ್ಯೆಯ ನಾಟಕ ಆಡುವವರಿಗೊಂದು ಮಾರ್ಗದರ್ಶಿ

ಜಾತ್ರೆಯ ಕಾಲ ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಸಾಮಾಜಿಕ ನಾಟಕ ಬೇಡ, ನಮ್ಮ ಸೀಮೆಯದೇ ಐತಿಹಾಸಿಕ ನಾಟಕ ಆಡೋಣವೆಂದು ಹುಡುಗರು ಹೇಳುತ್ತಿದ್ದಾರೆ, ಕಥೆಯಲ್ಲಿ ಒಬ್ಬ ಅಧಿಕಾರಿಯ ಕೊಲೆ ಇದೆ, ಅದನ್ನು ಹೇಗೆ ಬರೆಯಬೇಕು, ಹೇಗೆ ಆಡಬೇಕು, ಪರವಾನಗಿ ಯಾರ ಹತ್ತಿರ ಕೇಳಬೇಕು ಎಂಬುದು ಆ ಪ್ರಶ್ನೆಯ ಸಾರ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಉದಾಹರಣೆಗೆ 1858ರ ಮೇ 29ರ ರಾತ್ರಿ ಈಗಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ನಡೆದ ಚಾರ್ಲ್ಸ್ ಮ್ಯಾನ್ಸನ್ ಹತ್ಯೆಯನ್ನು ಎತ್ತಿಕೊಂಡಿದ್ದೇನೆ. ಮ್ಯಾನ್ಸನ್ ದಕ್ಷಿಣ ಮರಾಠಾ ಸೀಮೆಯ ಹಂಗಾಮಿ ಪೊಲಿಟಿಕಲ್ ಏಜೆಂಟ್ ಆಗಿದ್ದ. ಅಂದರೆ ಈ ಭಾಗದ ಸಣ್ಣ ಸಂಸ್ಥಾನಗಳ ಮೇಲೆ ಕಣ್ಣಿಡಲು ಈಸ್ಟ್ ಇಂಡಿಯಾ ಕಂಪನಿಯ ಸರಕಾರ ನೇಮಿಸಿದ್ದ ಅಧಿಕಾರಿ. ಅವನನ್ನು ಕೊಂದದ್ದು ನರಗುಂದದ ಸಂಸ್ಥಾನಿಕರಾದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರ ಪಡೆ. ನರಗುಂದ ಈಗ ಗದಗ ಜಿಲ್ಲೆಗೆ ಸೇರಿದ್ದರೂ ಹತ್ಯೆ ನಡೆದ ಊರು, ಬಾಬಾಸಾಹೇಬರು ಸೆರೆಸಿಕ್ಕ ತೊರಗಲ್ಲಿನ ಅಡವಿ, ಅವರನ್ನು ಗಲ್ಲಿಗೇರಿಸಿದ ಬೆಳಗಾವಿ ಎಲ್ಲವೂ ನಮ್ಮ ಕಡೆಯವೇ. ನೀವು ಬೇರೆ ಪ್ರಸಂಗ ಆರಿಸಿಕೊಂಡರೂ ಇಲ್ಲಿನ ಹಂತಗಳು ಬಹುಮಟ್ಟಿಗೆ ಹೊಂದುತ್ತವೆ.

ಬೇಕಾಗುವುದು ಇಷ್ಟು: ಕನಿಷ್ಠ ಎರಡು ತಿಂಗಳ ಬಿಡುವು, ಹದಿನೈದರಿಂದ ಇಪ್ಪತ್ತು ಜನ, ಓದುಬರಹದಲ್ಲಿ ತಾಳ್ಮೆಯಿರುವ ಒಬ್ಬರು, ತಾಲೀಮು ಕೊಡಿಸಬಲ್ಲ ಒಬ್ಬ ಮಾಸ್ತರರು, ಪೇಟಿ ಮತ್ತು ತಬಲಾ ನುಡಿಸುವವರು. ಹಣದ ಲೆಕ್ಕವನ್ನು ಸೀನರಿ, ವೇಷ, ಧ್ವನಿ-ಬೆಳಕು, ಕಲಾವಿದರ ಸಂಭಾವನೆ, ಪೆಂಡಾಲು ಎಂದು ಮೊದಲೇ ಐದು ಬಾಬತ್ತುಗಳಾಗಿ ಒಡೆದಿಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಧ್ವನಿ-ಬೆಳಕಿಗೆ ಕೊನೆಗೆ ಏನೂ ಉಳಿಯುವುದಿಲ್ಲ.

1. ಪ್ರಸಂಗವನ್ನು ಆರಿಸುವುದು

ಕೊಲೆಯಾದ ಮಾತ್ರಕ್ಕೆ ಅದು ರಾಜಕೀಯ ಹತ್ಯೆಯಾಗುವುದಿಲ್ಲ. ಕೊಂದವನಿಗೂ ಸತ್ತವನಿಗೂ ನಡುವೆ ಹೊಲದ ಬದುವಿನ ಜಗಳವಿದ್ದರೆ ಅದು ಬೇರೆ ನಾಟಕ. ಸತ್ತವನು ಯಾವ ಅಧಿಕಾರವನ್ನು ಹೊತ್ತು ನಿಂತಿದ್ದನೋ ಆ ಅಧಿಕಾರಕ್ಕೆ ಬಿದ್ದ ಪೆಟ್ಟು ಅದಾಗಿರಬೇಕು. ಹೀಗೆ ನೋಡಿದರೆ ನಮ್ಮ ಮೂರು ಜಿಲ್ಲೆಗಳ ಸುತ್ತ ಹಲವು ಪ್ರಸಂಗಗಳು ಸಿಗುತ್ತವೆ. ಬಸವಣ್ಣನವರ ಕಾಲದ ಬಿಜ್ಜಳನ ಕೊಲೆಯಿದೆ, 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಸತ್ತ ವಿಜಯಪುರದ ಸರದಾರ ಅಫಜಲ್ ಖಾನನ ಪ್ರಸಂಗವಿದೆ.

ಇವೆರಡನ್ನೂ ಆಡಬಾರದೆಂದು ನಾನು ಹೇಳುವುದಿಲ್ಲ. ಮೊದಲ ಸಲ ಐತಿಹಾಸಿಕ ನಾಟಕಕ್ಕೆ ಕೈಹಾಕುವವರು ಇವುಗಳಿಂದ ಆರಂಭಿಸಬಾರದು ಎಂದಷ್ಟೇ ಹೇಳುತ್ತೇನೆ. ಬಿಜ್ಜಳನ ಸಾವಿನ ಬಗೆಗೆ ವೀರಶೈವ ಪುರಾಣಗಳದು ಒಂದು ಕಥೆ, ಜೈನ ಕಾವ್ಯದ್ದು ಇನ್ನೊಂದು ಕಥೆ. ಯಾವುದನ್ನು ಹಿಡಿದರೂ ಪ್ರೇಕ್ಷಕರಲ್ಲಿ ಒಂದು ಪಾಲು ಜನ ತಮ್ಮ ಭಕ್ತಿಗೆ ಪೆಟ್ಟು ಬಿತ್ತೆಂದು ಎದ್ದು ನಿಲ್ಲುವ ಸಂಭವವಿದೆ. ಅಫಜಲ್ ಖಾನನ ಪ್ರಸಂಗವಂತೂ ಇಂದಿನ ಗುಂಪು ರಾಜಕಾರಣಕ್ಕೆ ಎಷ್ಟು ಹತ್ತಿರವಾಗಿದೆಯೆಂದರೆ ನಾಟಕ ಮುಗಿಯುವ ಮೊದಲೇ ಘೋಷಣೆಗಳು ಆರಂಭವಾಗಬಹುದು. ಸುರೇಬಾನದ ಪ್ರಸಂಗಕ್ಕೆ ಈ ತೊಡಕಿಲ್ಲ. ಅದರಲ್ಲಿ ಪಕ್ಷಗಳು ಸ್ಪಷ್ಟ, ತಾರೀಖುಗಳು ಖಚಿತ, ಹದಿನೈದು ದಿನಗಳಲ್ಲಿ ಇಡೀ ಕಥೆ ಮುಗಿಯುತ್ತದೆ.

2. ತಾರೀಖಿನ ಹಾಳೆ

ಸಂಭಾಷಣೆಯ ಒಂದು ಸಾಲನ್ನೂ ಬರೆಯುವ ಮೊದಲು ದೊಡ್ಡ ಹಾಳೆಯೊಂದರಲ್ಲಿ ಘಟನೆಗಳನ್ನು ತಾರೀಖಿನ ಪ್ರಕಾರ ಇಳಿಸಿ ತಾಲೀಮಿನ ಕೋಣೆಯ ಗೋಡೆಗೆ ಅಂಟಿಸಿ. ಸುರೇಬಾನದ ನಾಟಕಕ್ಕೆ ಆ ಹಾಳೆ ಹೀಗಿರುತ್ತದೆ.

ಹಿನ್ನೆಲೆಯಲ್ಲಿ ಮೂರು ಸಂಗತಿಗಳಿವೆ. ಬಾಬಾಸಾಹೇಬರಿಗೆ ಗಂಡುಮಕ್ಕಳು ಉಳಿದಿರಲಿಲ್ಲ. ದತ್ತು ತೆಗೆದುಕೊಳ್ಳಲು ಅವರು ಬೇಡಿದ ಒಪ್ಪಿಗೆಯನ್ನು ಕಂಪನಿ ಸರಕಾರ ನಿರಾಕರಿಸಿತ್ತು. ಸಂಸ್ಥಾನಿಕನಿಗೆ ಸ್ವಂತ ಗಂಡು ಸಂತಾನವಿಲ್ಲದಿದ್ದರೆ, ಕಂಪನಿ ದತ್ತಕವನ್ನು ಮಾನ್ಯ ಮಾಡದೆ ಸಂಸ್ಥಾನವನ್ನು ತನ್ನದಾಗಿಸಿಕೊಳ್ಳುವ ನೀತಿ ಅದು. ಎರಡನೆಯದು ಇನಾಮು ಕಮಿಷನ್. 1852ರಲ್ಲಿ ಮುಂಬಯಿ ಪ್ರಾಂತದಲ್ಲಿ ನೇಮಕವಾದ ಈ ಕಮಿಷನ್ ಕಂದಾಯವಿಲ್ಲದೆ ಅನುಭವಿಸುತ್ತಿದ್ದ ಭೂಮಿಗಳ ಕಾಗದಪತ್ರ ಕೇಳಿ, ಪತ್ರವಿಲ್ಲದವರ ಇನಾಮುಗಳನ್ನು ಕಿತ್ತುಕೊಳ್ಳತೊಡಗಿತ್ತು. ಮ್ಯಾನ್ಸನ್ ಅದೇ ಕಮಿಷನ್ನಿನಲ್ಲಿ ಕೆಲಸ ಮಾಡಿ ಬಂದವನು. ಮೂರನೆಯದು 1857ರ ನಿಶ್ಶಸ್ತ್ರೀಕರಣ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಒಪ್ಪದ ಹಲಗಲಿಯ ಬೇಡರು, ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಸೀಮೆಯಲ್ಲಿ, ಆ ವರ್ಷದ ನವೆಂಬರಿನ ಕೊನೆಗೆ ಕಂಪನಿಯ ದಂಡಿನೊಡನೆ ಕಾದಾಡಿ ಸತ್ತರು. ಸೆರೆಸಿಕ್ಕ ಮುಖಂಡರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು.

ಮುಂದಿನದು 1858. ಮೇ ತಿಂಗಳ ಕೊನೆಯ ವಾರ ಮುಂಡರಗಿ ಭೀಮರಾಯರು ಬಂಡೆದ್ದರು. ಅದೇ ಹೊತ್ತಿಗೆ ಮ್ಯಾನ್ಸನ್ ಸಣ್ಣದೊಂದು ಬೆಂಗಾವಲು ಇಟ್ಟುಕೊಂಡು ನರಗುಂದದ ಕಡೆಗೆ ಹೊರಟ. ರಾಮದುರ್ಗದ ಸಂಸ್ಥಾನಿಕರು ಬಾಬಾಸಾಹೇಬರ ಮಲತಮ್ಮ. ನರಗುಂದದ ದಾರಿ ಹಿಡಿಯಬೇಡವೆಂದು ಅವರು ಮ್ಯಾನ್ಸನ್‌ಗೆ ಎಚ್ಚರಿಕೆ ಕೊಟ್ಟರು, ಅವನು ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಹತ್ಯೆ. ಕಡಿದ ತಲೆಯನ್ನು ನರಗುಂದಕ್ಕೆ ಒಯ್ದು ಅಗಸೆಗೆ, ಅಂದರೆ ಊರಬಾಗಿಲಿಗೆ, ತೂಗುಹಾಕಿದರು. ಜೂನ್ 1ರಂದು ಕರ್ನಲ್ ಮಾಲ್ಕಂನ ದಂಡು ನರಗುಂದದ ಮೇಲೆ ಬಿತ್ತು. ಅದೇ ದಿನ ಕೊಪ್ಪಳದ ಕೋಟೆಯಲ್ಲಿ ಭೀಮರಾಯರು ಕಾದಾಡಿ ಮಡಿದರು. ಜೂನ್ 2ರಂದು ತೊರಗಲ್ಲಿನ ಅಡವಿಯಲ್ಲಿ ಬಾಬಾಸಾಹೇಬರು ಸೂಟರ್ ಎಂಬ ಪೊಲೀಸ್ ಅಧಿಕಾರಿಯ ಕೈಗೆ ಸಿಕ್ಕರು. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು.

ಈ ಹಾಳೆ ಗೋಡೆಯ ಮೇಲಿದ್ದರೆ, ಕಿತ್ತೂರ ಚೆನ್ನಮ್ಮನವರು ಬಾಬಾಸಾಹೇಬರಿಗೆ ಖಡ್ಗ ಕೊಟ್ಟು ಹರಸುವ ದೃಶ್ಯ ಸೇರಿಸೋಣವೆಂದು ಯಾರಾದರೂ ಹೇಳಿದಾಗ ವಾದಿಸುವ ಅಗತ್ಯವಿಲ್ಲ, ಹಾಳೆಯ ಕಡೆಗೆ ಬೆರಳು ತೋರಿಸಿದರೆ ಸಾಕು. ಚೆನ್ನಮ್ಮನವರು ತೀರಿಕೊಂಡದ್ದು 1829ರಲ್ಲಿ, ಸಂಗೊಳ್ಳಿ ರಾಯಣ್ಣನವರಿಗೆ ಗಲ್ಲಾದದ್ದು 1831ರಲ್ಲಿ. 1858ರ ಒಬ್ಬ ಮುದುಕ ತನ್ನ ಹರೆಯದಲ್ಲಿ ನಂದಗಡದಲ್ಲಿ ಕಂಡದ್ದನ್ನು ನೆನೆಸಿಕೊಳ್ಳಬಹುದು. ಅದು ಖಡ್ಗ ಕೊಡುವ ದೃಶ್ಯಕ್ಕಿಂತ ಹೆಚ್ಚು ತಾಕುತ್ತದೆ ಎಂಬುದು ನನ್ನ ಅಭಿಪ್ರಾಯ.

3. ದಾಖಲೆ, ದಂತಕಥೆ, ಕಲ್ಪನೆ

ತಾರೀಖಿನ ಹಾಳೆಯ ಪಕ್ಕದಲ್ಲಿ ಮೂರು ಕಾಲಮಿನ ಇನ್ನೊಂದು ಹಾಳೆ ಹಚ್ಚಿ. ಸರಕಾರಿ ಗ್ಯಾಸೆಟಿಯರು (ಜಿಲ್ಲೆಯ ವಿವರಗಳ ಸರಕಾರಿ ಗ್ರಂಥ) ಮತ್ತು ಆ ಕಾಲದ ಬರಹಗಳಲ್ಲಿ ಸಿಗುವುದು ಮೊದಲನೆಯದರಲ್ಲಿ, ಊರಿನ ಹಿರಿಯರು ಹೇಳುವುದು ಎರಡನೆಯದರಲ್ಲಿ, ನೀವು ಹುಟ್ಟಿಸಿಕೊಂಡದ್ದು ಮೂರನೆಯದರಲ್ಲಿ ಬರಲಿ. ಜಿಲ್ಲಾ ಗ್ಯಾಸೆಟಿಯರುಗಳು ದೊಡ್ಡ ಗ್ರಂಥಾಲಯಗಳಲ್ಲಿ ನೋಡಲು ಸಿಗುತ್ತವೆ. ಆದರೆ ಹಳೆಯವು ಆಳುವವರ ಕಣ್ಣಿನಿಂದ ಬರೆದವು ಎಂಬುದನ್ನು ಮರೆಯಬೇಡಿ. ಅವುಗಳಲ್ಲಿ ತಾರೀಖನ್ನು ನಂಬಿ, ವಿಶೇಷಣಗಳನ್ನು ನಂಬಬೇಡಿ. ಅದಕ್ಕೆ ಎದುರಾಗಿ ಲಾವಣಿಗಳಿವೆ. ಹಲಗಲಿಯ ಬೇಡರ ಲಾವಣಿ ಇಂದಿಗೂ ಉಳಿದುಬಂದಿದೆ. ಲಾವಣಿಯಲ್ಲಿ ತಾರೀಖು ತಪ್ಪಬಹುದು, ಆದರೆ ಜನರ ಸಿಟ್ಟು ಯಾವ ಕಡೆಗಿತ್ತೆಂಬುದು ತಪ್ಪುವುದಿಲ್ಲ.

ದಂತಕಥೆಯನ್ನು ಏನು ಮಾಡಬೇಕೆಂಬುದು ಅನೇಕರ ಗೊಂದಲ. ವಿಜಯಪುರದ ಸಾಠ ಕಬರ್ ನೋಡಿದವರಿಗೆ, ಅಫಜಲ್ ಖಾನನು ಯುದ್ಧಕ್ಕೆ ಹೊರಡುವ ಮೊದಲು ತನ್ನ ಹೆಂಡಿರನ್ನೆಲ್ಲ ಕೊಂದನೆಂಬ ಕಥೆ ಗೊತ್ತಿರುತ್ತದೆ. ಇಂಥದನ್ನು ರಂಗದ ಮೇಲೆ ನಡೆಯಿಸಿ ತೋರಿಸಿದರೆ ನೀವು ಅದಕ್ಕೆ ಮುದ್ರೆ ಒತ್ತಿದಂತಾಗುತ್ತದೆ. ಅದರ ಬದಲು ಅದನ್ನು ಒಂದು ಪಾತ್ರದ ಬಾಯಲ್ಲಿಡಿ. ಒಬ್ಬ ಹೇಳಲಿ, ಪಕ್ಕದವನು ಅನುಮಾನಿಸಲಿ. ದಂತಕಥೆಯನ್ನು ಬಿಟ್ಟುಕೊಟ್ಟಂತೆಯೂ ಆಗುವುದಿಲ್ಲ, ಇತಿಹಾಸವೆಂದು ಮಾರಿದಂತೆಯೂ ಆಗುವುದಿಲ್ಲ.

ಸಂಭಾಷಣೆ ಬಹುಪಾಲು ಮೂರನೆಯ ಕಾಲಮಿನದೇ. ಕಲ್ಪಿಸಿದ ಪಾತ್ರಗಳಿಗೆ ಊರಿನಲ್ಲಿ ಈಗಲೂ ಇರುವ ಮನೆತನಗಳ ಅಡ್ಡಹೆಸರು ಇಡಬೇಡಿ. ಅದರಲ್ಲೂ ಸುದ್ದಿ ಮುಟ್ಟಿಸಿದ ದ್ರೋಹಿ ಯಾರೆಂದು ನೀವು ಹುಟ್ಟಿಸಿದ ಹೆಸರು ಯಾವುದಾದರೂ ಮನೆಗೆ ಹೊಂದಿಬಿಟ್ಟರೆ ನಾಟಕದ ಮರುದಿನ ಪಂಚಾಯಿತಿ ಕಟ್ಟೆಯ ಮೇಲೆ ನೀವು ಉತ್ತರ ಕೊಡಬೇಕಾಗುತ್ತದೆ.

4. ನಾಟಕದ ಕಟ್ಟಡ: ಹತ್ಯೆ ಎಲ್ಲಿ ಬರಬೇಕು?

ಬಹುತೇಕ ಹಸ್ತಪ್ರತಿಗಳು ಎಡವುವುದು ಇಲ್ಲಿಯೇ. ಹತ್ಯೆಯನ್ನು ಕೊನೆಯ ದೃಶ್ಯದಲ್ಲಿಟ್ಟು, ಸಾಹೇಬನ ತಲೆ ಉರುಳಿದ ಕೂಡಲೇ ಜಯಘೋಷ ಮಾಡಿ ಪರದೆ ಎಳೆಯುತ್ತಾರೆ. ಪ್ರೇಕ್ಷಕರು ಚಪ್ಪಾಳೆಯನ್ನೂ ಹೊಡೆಯುತ್ತಾರೆ, ಅನುಮಾನವಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಿದರೆ ಬಾಬಾಸಾಹೇಬರ ಅರ್ಧ ಕಥೆಯನ್ನಷ್ಟೇ ಹೇಳಿದಂತಾಯಿತು, ಅದೂ ಸುಲಭವಾದ ಅರ್ಧವನ್ನು. ಸಂಸ್ಕೃತ ಗ್ರಂಥಗಳನ್ನು ಕೂಡಿಹಾಕಿಕೊಂಡು ಕುಳಿತಿದ್ದ ಒಬ್ಬ ವಿದ್ವಾಂಸ ಸಂಸ್ಥಾನಿಕ ಆ ರಾತ್ರಿಯ ಮಟ್ಟಕ್ಕೆ ಹೇಗೆ ಬಂದ ಎಂಬುದು ಹತ್ಯೆಯ ಹಿಂದಿನ ನಾಟಕ. ಆ ಒಂದು ರಾತ್ರಿಗೆ ಯಾರು ಯಾರು ಬೆಲೆ ತೆತ್ತರು ಎಂಬುದು ಹತ್ಯೆಯ ಮುಂದಿನ ನಾಟಕ. ಹತ್ಯೆ ಇವೆರಡರ ನಡುವಿನ ಹೊಸ್ತಿಲು, ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವಂತಿಲ್ಲ.

ಆದ್ದರಿಂದ ಮೂರು ಅಂಕಗಳ ಹಂಚಿಕೆಯನ್ನು ಸೂಚಿಸುತ್ತೇನೆ. ಮೊದಲ ಅಂಕದಲ್ಲಿ ದತ್ತಕದ ನಿರಾಕರಣೆ, ಆಯುಧ ಒಪ್ಪಿಸುವ ಆಜ್ಞೆ, ಹಲಗಲಿಯ ಸುದ್ದಿ. ಎರಡನೆಯ ಅಂಕ ಪೂರ್ತಿಯಾಗಿ ಮೇ 29ರ ಹಗಲು ಮತ್ತು ರಾತ್ರಿ. ಅದು ಅತ್ಯಂತ ಚಿಕ್ಕದಾಗಿರಲಿ, ಹತ್ಯೆ ಅದರ ತುದಿಗೆ ಬರಲಿ. ಮೂರನೆಯ ಅಂಕ ಅಗಸೆಯ ಮುಂದೆ ಆರಂಭವಾಗಿ ಬೆಳಗಾವಿಯಲ್ಲಿ ಮುಗಿಯಲಿ.

ಮೊದಲ ಅಂಕದಲ್ಲಿಯೇ ಹಾಸ್ಯಕ್ಕೆ ಜಾಗ ಕೊಡಿ. ನಮ್ಮ ಕಡೆಯ ಜಾತ್ರೆಯ ನಾಟಕದಲ್ಲಿ ಹಾಸ್ಯ ಬೇಡವೆಂದರೆ ಕಮಿಟಿಯವರು ಕೇಳುವುದಿಲ್ಲ, ಪ್ರೇಕ್ಷಕರೂ ಕೇಳುವುದಿಲ್ಲ. ಆದರೆ ಹತ್ಯೆ ಮತ್ತು ಗಲ್ಲಿನ ನಡುವೆ ಹಾಸ್ಯಜೋಡಿಯ ಹಾಡು ತುರುಕಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಹಾಸ್ಯ ಕಥೆಯೊಳಗಿಂದಲೇ ಬರಬೇಕು. ಆಯುಧ ಒಪ್ಪಿಸಬೇಕೆಂದು ಡಂಗುರ ಸಾರಿದಾಗ ಒಬ್ಬ ರೈತ ಕುಡಗೋಲು ಆಯುಧವೋ ಅಲ್ಲವೋ ಎಂದು ತಲೆಕೆಡಿಸಿಕೊಂಡು ಅದನ್ನು ಕಣಕಿಯ ಬಣವೆಯೊಳಗೆ ಬಚ್ಚಿಡಲಿ, ಮರುದಿನ ದನ ಕಣಕಿ ಎಳೆದಾಗ ಅದು ಸಿಪಾಯಿಯ ಕಾಲ ಬುಡಕ್ಕೇ ಬೀಳಲಿ. ಜನ ನಗುತ್ತಾರೆ, ಹಲಗಲಿಯ ಸುದ್ದಿ ಅದರ ಬೆನ್ನಿಗೇ ಬಂದಾಗ ಆ ನಗುವಿನ ಅರ್ಥ ಬದಲಾಗುತ್ತದೆ.

ಇನ್ನು ಮ್ಯಾನ್ಸನ್. ಅವನನ್ನು ಹೆಂಡ ಕುಡಿದು ಕಿರುಚುವ ರಾಕ್ಷಸನನ್ನಾಗಿ ಬರೆಯುವುದು ಸುಲಭ. ಹಾಗೆ ಬರೆದರೆ ಸತ್ತದ್ದು ಒಬ್ಬ ಕೆಟ್ಟ ಮನುಷ್ಯ ಎಂದಾಗುತ್ತದೆ, ರಾಜಕಾರಣ ಬಿದ್ದುಹೋಗುತ್ತದೆ. ಕಾಗದವನ್ನು ನಂಬುವ, ಮನುಷ್ಯರನ್ನು ನಂಬದ, ರಾಮದುರ್ಗದಲ್ಲಿ ಕೊಟ್ಟ ಎಚ್ಚರಿಕೆಯನ್ನು ಬದಿಗೊತ್ತುವ ದರ್ಪವಿರುವ, ತನ್ನ ಕರ್ತವ್ಯ ಮಾಡುತ್ತಿದ್ದೇನೆಂದು ಪ್ರಾಮಾಣಿಕವಾಗಿ ತಿಳಿದಿರುವ ಅಧಿಕಾರಿಯನ್ನಾಗಿ ಬರೆದರೆ ಅವನ ಹಿಂದಿರುವ ಕಂಪನಿ ಸರಕಾರ ಕಣ್ಣಿಗೆ ಬೀಳುತ್ತದೆ. ರಾಮದುರ್ಗದ ಆ ದೃಶ್ಯವನ್ನು ಮಾತ್ರ ಬಿಡಬೇಡಿ. ಅಣ್ಣನ ಮನಸ್ಸು ತಿಳಿದ ತಮ್ಮ, ಅಣ್ಣನನ್ನು ಹಿಡಿದುಕೊಡಲೂ ಆಗದೆ, ಎದುರಿಗೆ ಕುಳಿತ ಸಾಹೇಬನನ್ನು ಸಾಯಲು ಬಿಡಲೂ ಆಗದೆ ಮಾತನ್ನು ಅಳೆದು ತೂಗಿ ಆಡುವ ಆ ಹೊತ್ತು ಇಡೀ ಪ್ರಸಂಗದಲ್ಲಿ ನಟನಿಗೆ ಸಿಗುವ ಅತ್ಯುತ್ತಮ ಅವಕಾಶ.

5. ಮಾತಿನ ಹದ

ಎಲ್ಲ ಪಾತ್ರಗಳೂ ಒಂದೇ ಗ್ರಾಂಥಿಕ ಭಾಷೆಯಲ್ಲಿ ಗುಡುಗುವುದು ವೃತ್ತಿ ನಾಟಕ ಕಂಪನಿಗಳಿಂದ ಬಂದ ರೂಢಿ. ದರಬಾರಿನ ಮಾತಿಗೆ ಅದು ಒಪ್ಪುತ್ತದೆ, ಆದರೆ ರೈತ, ಮೇಣೆ ಹೊರುವ ಭೋಯಿ, ಸಿಪಾಯಿ ಇವರ ಬಾಯಲ್ಲಿ ರಾಮದುರ್ಗ-ಮುಧೋಳ ಸೀಮೆಯ ಆಡುಮಾತೇ ಇರಲಿ. ಮ್ಯಾನ್ಸನ್‌ನ ಬಾಯಲ್ಲಿ 'ಟುಮ್ ಕಾಲಾ ಆದ್ಮಿ' ಎಂಬ ಮುರುಕು ಹಿಂದಿಯನ್ನು ದಯವಿಟ್ಟು ಹಾಕಬೇಡಿ, ಅದು ನಗೆಯನ್ನು ಬಿಟ್ಟು ಬೇರೇನನ್ನೂ ತರುವುದಿಲ್ಲ. ಅವನು ನಿಧಾನವಾದ, ವ್ಯಾಕರಣಬದ್ಧ ಕನ್ನಡವನ್ನೇ ಆಡಲಿ. ಪರಕೀಯತೆ ಅದರಲ್ಲಿಯೇ ಕೇಳಿಸುತ್ತದೆ.

'ಭಾರತದ ಸ್ವಾತಂತ್ರ್ಯ', 'ಜೈ ಹಿಂದ್' ಮೊದಲಾದ ಘೋಷಣೆಗಳು 1858ರ ನರಗುಂದಕ್ಕೆ ಸೇರಿದವಲ್ಲ. ಅಂದಿನವರು ದತ್ತಕ, ವತನ, ಇನಾಮು, ಮರ್ಯಾದೆ, ಧರ್ಮ ಎಂಬ ಮಾತುಗಳಲ್ಲಿ ಸಿಟ್ಟಾಗುತ್ತಿದ್ದರು. ಹಾಗೆಯೇ 'ರಾಣಿ ಸರಕಾರ' ಎಂದೂ ಹೇಳಿಸಬೇಡಿ. ಆಡಳಿತ ಕಂಪನಿಯ ಕೈಯಿಂದ ಬ್ರಿಟಿಷ್ ರಾಣಿಯ ಹೆಸರಿಗೆ ಹೋದದ್ದು ಅದೇ ವರ್ಷದ ನವೆಂಬರಿನಲ್ಲಿ, ಬಾಬಾಸಾಹೇಬರು ಸತ್ತ ನಂತರ.

6. ಪಾರ್ಟು ಹಂಚಿಕೆ ಮತ್ತು ತಾಲೀಮು

ಪಾರ್ಟು ಎಂದರೆ ಒಬ್ಬ ನಟನ ಮಾತುಗಳಷ್ಟನ್ನೇ, ಪ್ರತಿ ಮಾತಿನ ಹಿಂದಿನ ಎದುರಾಳಿಯ ಕೊನೆಯ ಶಬ್ದಗಳ ಜೊತೆಗೆ, ಬಿಡಿಸಿ ಬರೆದುಕೊಟ್ಟ ಹಾಳೆಗಳು. ಪಾರ್ಟು ಬರೆಯಿಸಿ ಕೊಡುವ ಮೊದಲು ಎಲ್ಲರನ್ನೂ ಕೂಡಿಸಿ ಪೂರ್ತಿ ನಾಟಕವನ್ನು ಒಮ್ಮೆ ಓದಿ. ಇಲ್ಲದಿದ್ದರೆ ಸಿಪಾಯಿಯ ಪಾರ್ಟು ಮಾಡುವವನಿಗೆ ತಾನು ಯಾರ ಸಿಪಾಯಿ ಎಂಬುದೇ ಕೊನೆಯವರೆಗೆ ಗೊತ್ತಾಗುವುದಿಲ್ಲ.

ಬಾಬಾಸಾಹೇಬರ ಪಾತ್ರವನ್ನು ದೇಣಿಗೆ ಹೆಚ್ಚು ಕೊಟ್ಟವರಿಗೆ ಕೊಡುವ ಪದ್ಧತಿ ಕೆಲವು ಊರುಗಳಲ್ಲಿದೆ. ದೇಣಿಗೆ ಕೊಟ್ಟವರಿಗೆ ದರಬಾರಿನ ಸರದಾರನ ಗಂಭೀರ ಪಾತ್ರವೊಂದನ್ನು, ಒಳ್ಳೆಯ ರುಮಾಲಿನ ಜೊತೆಗೆ, ಕೊಟ್ಟು ಸಮಾಧಾನ ಮಾಡಿ.

ತಾಯಿ ಮತ್ತು ಪತ್ನಿಯ ಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸುವುದು ನಮ್ಮಲ್ಲಿ ರೂಢಿ. ಅವರು ಸಾಮಾನ್ಯವಾಗಿ ಪ್ರದರ್ಶನಕ್ಕೆ ಒಂದೆರಡು ದಿನ ಮೊದಲು ಬರುತ್ತಾರೆ, ಸೀಜನ್ನಿನಲ್ಲಿ ಹಿಂದಿನ ರಾತ್ರಿ ಬೇರೊಂದು ಊರಿನಲ್ಲಿ ಆಡಿ ನೇರವಾಗಿ ಬರುವುದೂ ಉಂಟು. ಆದ್ದರಿಂದ ಪಾರ್ಟನ್ನು ತಿಂಗಳ ಮೊದಲೇ ಸ್ವಚ್ಛ ಅಕ್ಷರದಲ್ಲಿ ಕಳಿಸಿ, ಮುಂಗಡವನ್ನು ಅದರ ಜೊತೆಗೇ ಕೊಡಿ, ಉಳಿಯಲು ಬಾಗಿಲಿಗೆ ಚಿಲಕವಿರುವ ಕೋಣೆ ಮತ್ತು ಊಟದ ವ್ಯವಸ್ಥೆಯನ್ನು ಒಬ್ಬರ ಹೆಸರಿಗೆ ಹಚ್ಚಿ. ಅವರು ಬರುವವರೆಗೆ ಅವರ ಮಾತುಗಳನ್ನು ಊರಿನವರೇ ಒಬ್ಬರು ನಿಂತು ಓದಲಿ, ಕುಳಿತು ಅಲ್ಲ. ಎದುರಿನ ನಟನಿಗೆ ಜಾಗದ ಅಂದಾಜು ಸಿಗುವುದು ಆಗಲೇ.

7. ಹತ್ಯೆಯ ದೃಶ್ಯ

ಇದಕ್ಕೆ ಉಳಿದೆಲ್ಲ ದೃಶ್ಯಗಳಿಗಿಂತ ಹೆಚ್ಚು ತಾಲೀಮು ಬೇಕು, ಏಕೆಂದರೆ ಗಾಯಗಳಾಗುವುದು ಇಲ್ಲಿಯೇ. ಮೊದಲ ನಿಯಮ: ನಿಜವಾದ ಆಯುಧ ರಂಗದ ಹತ್ತಿರವೂ ಬರಕೂಡದು. ಮನೆಯ ದೇವರ ಜಗುಲಿಯ ಮೇಲಿರುವ ಖಡ್ಗವಾಗಲಿ, ಲೈಸೆನ್ಸಿನ ಬಂದೂಕಾಗಲಿ, ಗುಂಡಿಲ್ಲವೆಂದು ಯಾರು ಆಣೆ ಮಾಡಿ ಹೇಳಿದರೂ ಬೇಡ. ಕಟ್ಟಿಗೆಯ ಅಥವಾ ಅಂಚು ಮೊಂಡಾದ ತಗಡಿನ ಖಡ್ಗ ಸಾಕು. ಎಲ್ಲ ಆಯುಧಗಳು ಒಬ್ಬನೇ ಮನುಷ್ಯನ ವಶದಲ್ಲಿರಲಿ. ದೃಶ್ಯಕ್ಕೆ ಮೊದಲು ಎಣಿಸಿ ಕೊಡಲಿ, ಮುಗಿದ ಕೂಡಲೇ ಎಣಿಸಿ ತೆಗೆದುಕೊಳ್ಳಲಿ.

ಎರಡನೆಯದು ಚಲನೆಯ ನಿಗದಿ. ಯಾರು ಯಾವ ಮಾತಿಗೆ ಎಷ್ಟು ಹೆಜ್ಜೆ ಎಲ್ಲಿಗೆ ನಡೆಯಬೇಕೆಂದು ಗೊತ್ತುಮಾಡಿ ನೆಲದ ಮೇಲೆ ಸುಣ್ಣದ ಗುರುತು ಹಾಕಿ. ಮೊದಲ ವಾರ ಇಡೀ ದೃಶ್ಯವನ್ನು ಬರಿಗೈಯಲ್ಲಿ, ಎಣಿಕೆಯ ಮೇಲೆ, ನಿಧಾನವಾಗಿ ಮಾಡಿಸಿ. ಹೊಡೆಯುವವನ ಖಡ್ಗ ಹೊಡೆಸಿಕೊಳ್ಳುವವನ ದೇಹದಿಂದ ಒಂದು ತೋಳಿನಷ್ಟು ದೂರದಲ್ಲಿಯೇ ಹಾಯಬೇಕು. ಪ್ರೇಕ್ಷಕರಿಗೆ ಆ ಅಂತರ ಕಾಣದಂತೆ ಇಬ್ಬರೂ ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು. ಪ್ರದರ್ಶನದ ರಾತ್ರಿ ಹುಮ್ಮಸ್ಸಿನಲ್ಲಿ ವೇಗ ಹೆಚ್ಚಿಸುವ ನಟ ಪ್ರತಿ ತಂಡದಲ್ಲಿ ಒಬ್ಬನಿರುತ್ತಾನೆ, ಅವನನ್ನು ತಾಲೀಮಿನಲ್ಲಿಯೇ ಗುರುತಿಸಿ ದೂರ ನಿಲ್ಲುವ ಪಂಜಿನವನನ್ನಾಗಿ ಮಾಡಿ.

ಆದರೆ ನನ್ನ ಸಲಹೆ ಕೇಳುವುದಾದರೆ ಪೆಟ್ಟನ್ನು ತೋರಿಸಲೇಬೇಡಿ. ರಂಗದ ನಡುವೆ ಮುಚ್ಚಿದ ಮೇಣೆಯೊಂದು ಇರಲಿ. ದಣಿದ ಭೋಯಿಗಳು ಅದರ ಸುತ್ತ ಮಲಗಿರಲಿ. ಒಬ್ಬ ಭೋಯಿಗೆ ಮಾತ್ರ ನಿದ್ದೆ ಹತ್ತಿಲ್ಲ. ಅವನು ಎದ್ದು ಕುಳಿತು ಕಿವಿಗೊಡುತ್ತಾನೆ, ದೂರದಲ್ಲಿ ನಾಯಿ ಬೊಗಳುತ್ತದೆ, ಬೊಗಳುವುದು ತಟ್ಟನೆ ನಿಲ್ಲುತ್ತದೆ. ಅವನು ಸಾಹೇಬನನ್ನು ಎಬ್ಬಿಸಬೇಕೋ ಓಡಬೇಕೋ ಎಂದು ಮೇಣೆಯ ಪರದೆಗೆ ಕೈಚಾಚುತ್ತಾನೆ, ಕೈ ಹಿಂದೆಗೆಯುತ್ತಾನೆ, ತನ್ನ ಕಂಬಳಿಯನ್ನು ಎತ್ತಿಕೊಂಡು ಕತ್ತಲಿಗೆ ಸರಿಯುತ್ತಾನೆ. ಬೆಳಕು ಆರುತ್ತದೆ, ಗದ್ದಲ ಕೇಳುತ್ತದೆ, ಮತ್ತೆ ಬೆಳಕು ಬಂದಾಗ ಮೇಣೆ ಮಗುಚಿ ಬಿದ್ದಿದೆ. ಈ ಭೋಯಿ ಮೂರನೆಯ ಕಾಲಮಿನವನು, ಅಂದರೆ ಪೂರ್ತಿ ಕಲ್ಪನೆ. ಆದರೆ ಪ್ರೇಕ್ಷಕರು ನೋಡುವುದು ಅವನನ್ನೇ. ಆಯುಧಗಳ ತೊಂದರೆಯೂ ತಪ್ಪುತ್ತದೆ.

ರಕ್ತಕ್ಕೆ ಬಣ್ಣದ ನೀರು ಬಳಸಿದರೆ ಬಾಡಿಗೆಯ ವೇಷಕ್ಕೆ ಕಲೆ ಹತ್ತಿ ಅಂಗಡಿಯವರು ಠೇವಣಿ ಮುರಿದುಕೊಳ್ಳುತ್ತಾರೆ. ಮೇಣೆಯ ಒಳಗಿಂದ ಹೊರಬೀಳುವ ಕೆಂಪು ಬಟ್ಟೆ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ಬಂದೂಕಿನ ಸದ್ದಿಗೆ ಪರದೆಯ ಹಿಂದೆ ಪಟಾಕಿ ಹಚ್ಚುವುದು ಬಟ್ಟೆಯ ಪೆಂಡಾಲಿಗೆ ಬೆಂಕಿ ಇಟ್ಟಂತೆಯೇ ಸರಿ. ಧ್ವನಿಮುದ್ರಿಸಿದ ಸದ್ದನ್ನು ಬಳಸಿ. ಆ ಕಾಲದ ಬಂದೂಕನ್ನು ಒಂದು ಸಲ ಹಾರಿಸಿದ ಮೇಲೆ ಮತ್ತೆ ಬಾಯಿಯಿಂದ ಮದ್ದುಗುಂಡು ತುಂಬಬೇಕಿತ್ತು. ಸಿನಿಮಾದ ಹಾಗೆ ಒಂದರ ಹಿಂದೊಂದು ಗುಂಡು ಹಾರಿಸಬೇಡಿ. ಪಂಜುಗಳು ವಿದ್ಯುತ್ತಿನವಾಗಿರಲಿ.

ಅಗಸೆಗೆ ತೂಗುಹಾಕಿದ ತಲೆಯನ್ನು ಏನು ಮಾಡುವುದೆಂದು ಎಲ್ಲರೂ ಕೇಳುತ್ತಾರೆ. ಕಾಗದದ ಮುದ್ದೆಯಿಂದ ಮಾಡಿದ ತಲೆ ಮುಂದಿನ ಸಾಲಿನ ಹುಡುಗರಿಗೆ ಗಡಿಗೆಯಂತೆ ಕಂಡು ನಗೆಯೇಳುತ್ತದೆ. ಅಗಸೆಯ ಮೇಲ್ಭಾಗವನ್ನು ಪ್ರೇಕ್ಷಕರಿಗೆ ಕಾಣದಂತೆ ಪರದೆಯ ಮೇಲಂಚಿನ ಹಿಂದಿಟ್ಟು, ಕೆಳಗೆ ನಿಂತ ಜನರನ್ನಷ್ಟೇ ತೋರಿಸಿ. ಒಬ್ಬ ನೋಡಿ ನಗುತ್ತಾನೆ, ಒಬ್ಬ ಕೈಮುಗಿಯುತ್ತಾನೆ, ನೀರಿನ ಕೊಡ ಹೊತ್ತ ಹೆಂಗಸೊಬ್ಬಳು ತಲೆಯೆತ್ತದೆ ಬೇರೆ ದಾರಿ ಹಿಡಿಯುತ್ತಾಳೆ.

ಗಲ್ಲಿನ ದೃಶ್ಯದಲ್ಲಿ ನಟನ ಕೊರಳಿಗೆ ಹಗ್ಗ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸಿ. ಸಡಿಲವಾಗಿದೆ, ಕೆಳಗೆ ಸ್ಟೂಲಿದೆ ಎಂಬ ಯಾವ ಸಮಜಾಯಿಷಿಯನ್ನೂ ಒಪ್ಪಬೇಡಿ. ಹಗ್ಗದ ನೆರಳು ಹಿಂದಿನ ಪರದೆಯ ಮೇಲೆ ಬೀಳಲಿ, ಬಾಬಾಸಾಹೇಬರು ಅದರ ಕಡೆಗೆ ನಡೆಯಲಿ, ಅಲ್ಲಿಗೆ ದೀಪ ಆರಲಿ.

8. ವೇಷ ಮತ್ತು ಸೀನರಿ

ಬಾಡಿಗೆ ಅಂಗಡಿಗೆ ಹೋಗಿ 'ರಾಜನ ವೇಷ' ಎಂದು ಕೇಳಿದರೆ ಪೌರಾಣಿಕ ನಾಟಕದ ಕಿರೀಟ, ಭುಜಕೀರ್ತಿ ಕೊಟ್ಟು ಕಳಿಸುತ್ತಾರೆ. ಪೇಶವೆ ಕಾಲದ ಮರಾಠಿ ಸರದಾರನ ಉಡುಪು ಎಂದು ಬಿಡಿಸಿ ಹೇಳಿ: ಪಗಡಿ, ಅಂಗರಖಾ, ಧೋತರ, ಶಾಲು. ಹೆಂಗಸರ ಇಳಕಲ್ಲ ಸೀರೆಗಳನ್ನು ಊರಿನ ಮನೆಗಳಿಂದಲೇ ತರಬಹುದು. ಮಿಂಚುವ ಹೊಸ ಸೀರೆ ಬೇಡ, ಹಳೆಯ ಹತ್ತಿಯ ಸೀರೆ ಕೇಳಿ.

ರಂಗದ ಮೇಲೆ ಕಾಜಿನ ಕಂದೀಲು ತೂಗುಹಾಕಬೇಡಿ, ಸೀಮೆಎಣ್ಣೆ ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ಎಣ್ಣೆಯ ಸಮೆ, ದೀವಟಿಗೆ ಇರಲಿ. ನಟರ ಕೈಗಡಿಯಾರ, ಮಣಿಕಟ್ಟಿನ ಬಣ್ಣದ ದಾರ, ಅಂಗರಖಾದ ಕೆಳಗಿನ ಪ್ಯಾಂಟನ್ನು ರಂಗಕ್ಕೆ ಬಿಡುವ ಮೊದಲು ಒಬ್ಬರು ನಿಂತು ತಪಾಸಣೆ ಮಾಡಲಿ.

9. ಪರವಾನಗಿಗಳು

ಬೇರೆಯವರು ಬರೆದ ನಾಟಕವನ್ನು ಆಡುವುದಾದರೆ ಲೇಖಕರ ಲಿಖಿತ ಒಪ್ಪಿಗೆ ಬೇಕು. ಲೇಖಕರು ತೀರಿಕೊಂಡಿದ್ದರೂ ಅವರ ಮರಣದ ನಂತರ 60 ವರ್ಷಗಳವರೆಗೆ ಹಕ್ಕು ವಾರಸುದಾರರದು. ಟಿಕೆಟ್ ಇಲ್ಲದ ಪ್ರದರ್ಶನಕ್ಕೆ ಒಪ್ಪಿಗೆ ಬೇಡವೆಂಬ ತಿಳಿವಳಿಕೆಯನ್ನು ನಂಬಿ ಮುಂದುವರಿಯಬೇಡಿ. ಇತಿಹಾಸದ ಘಟನೆ ಯಾರ ಸೊತ್ತೂ ಅಲ್ಲ. ಸುರೇಬಾನದ ಮೇಲೆ ನೀವೇ ಹೊಸದಾಗಿ ಬರೆದರೆ ಈ ಮಾತೇ ಬರುವುದಿಲ್ಲ.

ಸಾರ್ವಜನಿಕ ಪ್ರದರ್ಶನ ಮತ್ತು ಧ್ವನಿವರ್ಧಕಕ್ಕೆ ನಿಮ್ಮ ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಡಿ. ಅರ್ಜಿಯ ಜೊತೆಗೆ ನಾಟಕದ ಪ್ರತಿ, ಒಂದು ಪುಟದ ಸಾರಾಂಶ, ಬಳಸುವ ಆಯುಧಗಳೆಲ್ಲ ಕೃತಕವೆಂಬ ಬರಹ ಇಟ್ಟರೆ ಮುಂದಿನ ಪ್ರಶ್ನೆಗಳು ಕಡಿಮೆಯಾಗುತ್ತವೆ. ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಹೆಸ್ಕಾಂ ಕಚೇರಿ, ಜಾಗಕ್ಕೆ ಗ್ರಾಮ ಪಂಚಾಯಿತಿ ಅಥವಾ ನಗರಸಭೆ. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ, ವಿಜಯಪುರದ ಕಂದಗಲ್ಲ ಹನುಮಂತರಾಯ ರಂಗಮಂದಿರ ಮೊದಲಾದ ಕಟ್ಟಡಗಳಲ್ಲಿ ಆಡುವುದಾದರೆ ದಿನ ಕಾಯ್ದಿರಿಸಿದ ಮೇಲೆಯೇ ಆಮಂತ್ರಣ ಪತ್ರಿಕೆ ಅಚ್ಚುಮಾಡಿಸಿ.

ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ; ನಿಮ್ಮ ದಿನ ಅದರಲ್ಲಿ ಸೇರಿದೆಯೇ ಎಂಬುದನ್ನು ಠಾಣೆಯಲ್ಲಿಯೇ ಕೇಳಿ. ಊಟ ಮುಗಿಸಿ ಹತ್ತೂವರೆಗೆ ಆರಂಭಿಸಿ ಬೆಳಗಿನ ಜಾವಕ್ಕೆ ಮುಗಿಸುವ ಹಳೆಯ ರೂಢಿಗೆ ಈ ನಿಯಮ ಹೊಂದುವುದಿಲ್ಲ. ನಾಟಕವನ್ನು ಎರಡು ತಾಸಿಗೆ ಇಳಿಸಿ ಏಳೂವರೆಗೆ ಆರಂಭಿಸಿ. ಇಳಿಸಬೇಕಾದಾಗ ಮೊದಲು ಕತ್ತರಿ ಹಾಕಬೇಕಾದದ್ದು ಭಾಷಣಗಳಿಗೆ, ರಾಮದುರ್ಗದ ದೃಶ್ಯಕ್ಕಲ್ಲ.

10. ಪ್ರದರ್ಶನದ ರಾತ್ರಿ

ಉದ್ಘಾಟನೆ, ಸನ್ಮಾನ, ಭಾಷಣಗಳನ್ನು ಅರ್ಧ ತಾಸಿಗೆ ಮುಗಿಸುವುದಾಗಿ ಜಾತ್ರಾ ಕಮಿಟಿಯವರಿಂದ ಮೊದಲೇ ಮಾತು ತೆಗೆದುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಆಯೇರು. ನಾಟಕದ ನಡುವೆ ಬಂಧುಬಳಗದವರು ರಂಗಕ್ಕೆ ಹತ್ತಿ ನಟನ ಕೊರಳಿಗೆ ಹಾರ ಹಾಕಿ, ನೋಟು ಚುಚ್ಚಿ, ಮೈಕಿನಲ್ಲಿ ಹೆಸರು ಹೇಳಿಸಿಕೊಳ್ಳುವ ಪದ್ಧತಿಯನ್ನು ನಿಲ್ಲಿಸಲು ಹೋದರೆ ಮನಸ್ತಾಪವಾಗುತ್ತದೆ, ಬಿಟ್ಟರೆ ಬಾಬಾಸಾಹೇಬರು ಗಲ್ಲಿನ ಕಡೆಗೆ ನಡೆಯುವಾಗ ಅವರ ಸೋದರಮಾವ ಐದುನೂರರ ನೋಟು ಹಿಡಿದು ಎದುರಿಗೆ ಬರುತ್ತಾನೆ. ಮೊದಲ ಅಂಕದ ನಂತರ ಹತ್ತು ನಿಮಿಷ ಆಯೇರಿಗೆಂದೇ ಬಿಡುವು ಕೊಡಿ, ಅದನ್ನು ಆರಂಭದಲ್ಲಿಯೇ ಮೈಕಿನಲ್ಲಿ ಸಾರಿ. ಎರಡನೆಯ ಅಂಕ ಆರಂಭವಾದ ಮೇಲೆ ರಂಗದ ಮೆಟ್ಟಿಲ ಬಳಿ ಊರಿನಲ್ಲಿ ಮಾತು ನಡೆಯುವ ಒಬ್ಬ ಹಿರಿಯರನ್ನು ಕುರ್ಚಿ ಹಾಕಿ ಕೂಡಿಸಿ, ಸ್ವಯಂಸೇವಕ ಹುಡುಗರ ಮಾತನ್ನು ಯಾರೂ ಕೇಳುವುದಿಲ್ಲ.

ಪ್ರಾಂಪ್ಟರನು, ಅಂದರೆ ಮರೆತ ಮಾತನ್ನು ಪರದೆಯ ಪಕ್ಕದಿಂದ ಎತ್ತಿಕೊಡುವವನು, ಮೈಕುಗಳಿಂದ ದೂರ ಕೂಡಲಿ. ಇಲ್ಲದಿದ್ದರೆ ಪ್ರತಿ ಮಾತನ್ನೂ ಊರು ಎರಡೆರಡು ಸಲ ಕೇಳುತ್ತದೆ. ಮರಳು ತುಂಬಿದ ಎರಡು ಬಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚು ಪರದೆಯ ಹಿಂದೆ ಕೈಗೆ ಸಿಗುವಂತಿರಲಿ. ಕರೆಂಟು ಹೋದರೆ ಜನರೇಟರು ಹಚ್ಚಲು ಯಾರು ಓಡಬೇಕೆಂಬುದನ್ನು ಸಂಜೆಯೇ ಹೆಸರಿಟ್ಟು ಹೇಳಿ.

ವೇಷ, ಸೀನರಿಗಳನ್ನು ಪಟ್ಟಿಗೆ ತಾಳೆಮಾಡಿ ಮರುದಿನ ಮಧ್ಯಾಹ್ನದೊಳಗೆ ಮರಳಿಸಿ, ರಸೀದಿ ಪಡೆಯಿರಿ. ಪ್ರದರ್ಶನದಲ್ಲಿ ಬದಲಾದ ಮಾತುಗಳನ್ನೂ ಬಿಟ್ಟುಹೋದ ಸಾಲುಗಳನ್ನೂ ಅದೇ ವಾರ ಪ್ರತಿಯಲ್ಲಿ ತಿದ್ದಿ ಇಟ್ಟುಕೊಂಡರೆ ಪಕ್ಕದ ಊರಿನವರು ನಾಟಕ ಕೇಳಿಕೊಂಡು ಬಂದಾಗ ಕೊಡಲು ಸಿದ್ಧ ಪ್ರತಿ ಇರುತ್ತದೆ.